ವಿಟ್ಬಿಯಲ್ಲಿ ಅತ್ತೆ ಮುಟ್ಟಿದ ಕಲ್ಲು

ಅತ್ತೆಗೆ ಇಂಗ್ಲೆಂಡ್ ಅಷ್ಟೇನೂ ಹಿಡಿಸಿರಲಿಲ್ಲ. ಲೀಡ್ಸಿನ ನಮ್ಮ ಮನೆಗೆ ಬಂದು ಐದು ವಾರವಾಗಿತ್ತು. ಹಾಲು ಚೆನ್ನಾಗಿದೆ, ನಲ್ಲಿ ನೀರು ಚೆನ್ನಾಗಿದೆ, ಸೊಸೆ ಪರವಾಗಿಲ್ಲ. ಮಿಕ್ಕಿದ್ದೆಲ್ಲ "ಒಂದೇ ಥರ". ಲಂಡನ್ನಿಗೆ ಕರೆದುಕೊಂಡು ಹೋಗಿ ಬಕಿಂಗ್‌ಹ್ಯಾಂ ಅರಮನೆಯ ಗೇಟಿನ ಮುಂದೆ ನಿಲ್ಲಿಸಿದರೆ, "ನಮ್ಮ ಮೈಸೂರಿಂದು ಅರಮನೆ ಕಣೇ. ಇದು ಯಾವುದೋ ಸರ್ಕಾರಿ ಆಫೀಸ್ ಇದ್ದಹಾಗಿದೆ" ಅಂದರು. ನನಗೂ ಹಾಗೇ ಅನ್ನಿಸಿತ್ತು, ಹೇಳಿರಲಿಲ್ಲ ಅಷ್ಟೆ.

ಒಂದು ದಿನ ತಾವಾಗಿಯೇ, "ಕಡಲು ಇದೆಯಂತಲ್ಲ ಇಲ್ಲಿ, ಅದನ್ನಾದ್ರೂ ತೋರಿಸು" ಅಂದರು. ನನ್ನ ಗಂಡನಿಗೆ ರಜೆ ಇರಲಿಲ್ಲ. ಕೊನೆಗೆ ಆಗಸ್ಟಿನಲ್ಲಿ ಅತ್ತೆ ಸೊಸೆ ಇಬ್ಬರೇ ನಾಲ್ಕು ದಿನಕ್ಕೆ ವಿಟ್ಬಿಗೆ ಹೊರಟೆವು. ಯಾರ್ಕ್‌ಷೈರಿನ ಹಳೆಯ ಬಂದರು ಊರು ಅದು.

ಲೀಡ್ಸಿನಿಂದ 840 ನಂಬರಿನ ಬಸ್ಸು ನೇರ ಹೋಗುತ್ತದೆ. ಮೂರು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ, ಆದರೆ ಡಬಲ್ ಡೆಕರಿನ ಮಹಡಿಯಲ್ಲಿ ಮುಂದಿನ ಸೀಟು ಸಿಕ್ಕರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಪಿಕರಿಂಗ್ ದಾಟಿದ ಮೇಲೆ ಬಯಲುಗುಡ್ಡಗಳು ಶುರು. ಮರ ಇಲ್ಲ, ಮನೆ ಇಲ್ಲ, ಕಣ್ಣು ಹಾಯುವಷ್ಟು ದೂರ ಹೆದರ್ ಹೂವಿನ ನೇರಳೆ ಬಣ್ಣ. ನಾನು ಫೋಟೋ ಮೇಲೆ ಫೋಟೋ ತೆಗೆಯುತ್ತಿದ್ದೆ. ಅತ್ತೆ ಸುಮಾರು ಹೊತ್ತು ನೋಡಿ, "ಇಷ್ಟು ಹೂವಿದ್ದೂ ಮುಡಿಯೋಕೆ ಒಂದೂ ಬರಲ್ಲ" ಅಂದರು.

ಮೊದಲ ದಿನದ ಕಥೆಯನ್ನು ಹೇಳಲೇಬೇಕು. ಇನ್ನೂ ಹೊಟ್ಟೆ ಉರಿಯುತ್ತದೆ.

ನಾವು ಸಸ್ಯಾಹಾರಿಗಳು. ಅತ್ತೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ಮಾಧ್ವ ಮನೆಯವರು. ಬಸ್ಸಿಳಿದಾಗ ಮಧ್ಯಾಹ್ನ ಒಂದೂವರೆ, ಹೊಟ್ಟೆ ಚುರುಗುಟ್ಟುತ್ತಿತ್ತು. ಬಂದರಿನ ಉದ್ದಕ್ಕೂ ಮೀನಿನ ಅಂಗಡಿಗಳು. ಆಲೂಗಡ್ಡೆ ಚಿಪ್ಸ್ ಆದರೆ ತೊಂದರೆ ಇಲ್ಲ, ಮೀನು ಕರಿದ ಬಾಣಲೆ ಬೇರೆ ಇರುತ್ತದೆಯೇ ಅಂತ ಕೇಳಿಕೊಂಡರೆ ಸಾಕು ಅಂದುಕೊಂಡೆ. ಕೇಳಿದೆ. ಬೇರೆ ಇದೆ ಅಂದರು. ಎರಡು ಪೊಟ್ಟಣ ತಂದು ಬಂದರಿನ ಬೆಂಚಿನ ಮೇಲೆ ಕೂತೆವು. ಬಿಸಿಬಿಸಿ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಐದು ವಾರದಲ್ಲಿ ಮೊದಲ ಸಲ ಅತ್ತೆ ಏನನ್ನೋ ಹೊಗಳಿದರು. "ಇವರಿಗೆ ಕರಿಯೋಕೆ ಬರುತ್ತೆ ಬಿಡು, ಯಾವ ಎಣ್ಣೆ ಹಾಕ್ತಾರೋ."

ಆಗ ನಾನು ತಿರುಗಿ ಅಂಗಡಿಯ ಬೋರ್ಡು ಓದಿದೆ. ದನದ ಕೊಬ್ಬಿನಲ್ಲಿ ಸಾಂಪ್ರದಾಯಿಕವಾಗಿ ಕರಿದದ್ದು ಅಂತ ಹೆಮ್ಮೆಯಿಂದ ಬರೆದಿತ್ತು.

ಸುಳ್ಳು ಹೇಳಬಹುದಿತ್ತು. ಆಗಲಿಲ್ಲ. ಅತ್ತೆ ನನ್ನ ಮುಖ ನೋಡಿ, "ಏನಾಯ್ತೇ?" ಅಂದರು. ಹೇಳಿದೆ. ಅವರ ಕೈ ಪೊಟ್ಟಣದ ಮೇಲೆ ಹಾಗೇ ನಿಂತಿತು. ಅಷ್ಟರಲ್ಲಿ ಎಲ್ಲಿಂದಲೋ ಹದ್ದಿನ ಗಾತ್ರದ ಕಡಲಹಕ್ಕಿ ಬಂದು ಪೊಟ್ಟಣಕ್ಕೇ ಎರಗಿತು. ಕಾಗದ ಹರಿದು, ಚಿಪ್ಸ್ ನೆಲದ ಪಾಲಾಗಿ, ಇನ್ನೂ ಹತ್ತು ಹಕ್ಕಿಗಳು ಬಂದು ಕಿರುಚಾಡಿ ಎಲ್ಲ ಖಾಲಿ ಮಾಡಿದವು. ನನಗೆ ಅಳು ಬರುವ ಹಾಗಿತ್ತು. ಅತ್ತೆ ಸೆರಗು ಕೊಡವಿಕೊಂಡು ಎದ್ದು, "ಕಾಕಬಲಿ ಆಯ್ತು. ನಡಿ" ಅಂದರು.

ರಾತ್ರಿ ಅವರು ಬಿಸಿನೀರು ಬಿಟ್ಟು ಏನೂ ತಗೊಳ್ಳಲಿಲ್ಲ. ಜಪ ಮಾಮೂಲಿಗಿಂತ ಬಹಳ ಹೊತ್ತು ನಡೆಯಿತು. ದೀಪ ಆರಿಸಿದ ಮೇಲೆ ಕತ್ತಲಲ್ಲಿ, "ಊರಿಗೆ ಹೋದ ಮೇಲೆ ಪಂಚಗವ್ಯ ತಗೋತೀನಿ. ನೀನು ಕೊರಗಬೇಡ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಚೆನ್ನಾಗಿತ್ತು ಮಾತ್ರ" ಅಂತಲೂ ಅಂದರು.

ಆದ್ದರಿಂದ ಯಾರ್ಕ್‌ಷೈರಿಗೆ ಹೋಗುವವರು ಬಾಣಲೆ ಬೇರೆಯೋ ಅಂತ ಕೇಳಿದರೆ ಸಾಲದು, ಬಾಣಲೆಯೊಳಗೆ ಏನಿದೆ ಅಂತ ಕೇಳಿ. ಇಂಗ್ಲೆಂಡಿನ ದಕ್ಷಿಣದಲ್ಲಿ ಹೆಚ್ಚಾಗಿ ಅಡುಗೆ ಎಣ್ಣೆ ಬಳಸುತ್ತಾರೆ, ಇಲ್ಲಿ ಕೊಬ್ಬೇ ಹೆಮ್ಮೆ. ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ, ಹುಡುಕಬೇಕು. ನಾವು ಮುಂದಿನ ಮೂರು ದಿನ ರೂಮಿನ ಕೆಟಲ್‌ನಲ್ಲಿ ನೀರು ಕಾಯಿಸಿ, ಡಬ್ಬಿಯಲ್ಲಿ ತಂದ ಅವಲಕ್ಕಿಗೆ ಗೊಜ್ಜು ಕಲಸಿಕೊಂಡು ತಿಂದೆವು.

ಎಸ್ಕ್ ನದಿ ವಿಟ್ಬಿಯನ್ನು ಎರಡು ಮಾಡಿ ಕಡಲು ಸೇರುತ್ತದೆ. ಪಡುವಣ ದಿಬ್ಬದ ಮೇಲೆ ಹೋಟೆಲುಗಳು, ಕ್ಯಾಪ್ಟನ್ ಕುಕ್‌ನ ಪ್ರತಿಮೆ, ತಿಮಿಂಗಿಲದ ದವಡೆ ಮೂಳೆಯ ಕಮಾನು. ಮೂಡಣ ಕಡೆ ಹಳೇ ಊರು. ನಡುವೆ 1908ರ ತಿರುಗು ಸೇತುವೆ. ದೋಣಿ ಬಂದರೆ ಗಂಟೆ ಬಾರಿಸಿ, ಸೇತುವೆಯನ್ನು ಬಾಗಿಲು ತೆರೆದ ಹಾಗೆ ಪಕ್ಕಕ್ಕೆ ತಿರುಗಿಸುತ್ತಾರೆ. ಜನ ಎರಡೂ ಕಡೆ ಐಸ್‌ಕ್ರೀಂ ನೆಕ್ಕುತ್ತ ಕಾಯುತ್ತಾರೆ. ಕುಕ್ 1746ರಲ್ಲಿ ಹಡಗಿನ ಕೆಲಸ ಕಲಿಯಲು ಬಂದು ಉಳಿದ ಮನೆ ಈಗ ಮ್ಯೂಸಿಯಂ ಆಗಿದೆ. ಅವನು ಪ್ರಪಂಚ ಸುತ್ತಿದ ಎಂಡೆವರ್ ಹಡಗು ಇದೇ ಊರಿನಲ್ಲಿ ಕಲ್ಲಿದ್ದಲು ಸಾಗಿಸಲು ಕಟ್ಟಿದ ದೋಣಿ. ಮ್ಯೂಸಿಯಂ ಚೊಕ್ಕಟವಾಗಿದೆ, ಒಂದು ಗಂಟೆ ಸಾಕು. ಡ್ರಾಕುಲಾ ಕಥೆಯ ಒಂದಷ್ಟು ಭಾಗ ಇಲ್ಲಿ ನಡೆಯುವುದರಿಂದ ಬೀದಿಗೊಂದು ಕೋರೆಹಲ್ಲಿನ ಬೋರ್ಡು, ಕಪ್ಪು ನಿಲುವಂಗಿ, ರಕ್ತದ ಬಣ್ಣದ ಮಿಠಾಯಿ. ಇಷ್ಟು ಇತಿಹಾಸ ಇರುವ ಊರಿಗೆ ಕಟ್ಟುಕಥೆಯ ಪಿಶಾಚಿ ಯಾಕೆ ಬೇಕೋ!

ಹಳೇ ಊರಿನ ಚರ್ಚ್ ಸ್ಟ್ರೀಟಿನಲ್ಲಿ ಜೆಟ್ ಅಂಗಡಿಗಳ ಸಾಲು. ಜೆಟ್ ಅಂದರೆ ಕಲ್ಲಾಗಿ ಹೋದ ಮರ. ಕೋಟ್ಯಂತರ ವರ್ಷ ಹಿಂದೆ ನೀರು ಪಾಲಾದ ಮರಗಳು ಕೆಸರಿನಡಿ ಒತ್ತಡಕ್ಕೆ ಸಿಕ್ಕಿ ಹೀಗಾಗಿವೆ. ಉಜ್ಜಿದರೆ ಕನ್ನಡಿಯಂಥ ಕಪ್ಪು. ಅತ್ತೆ ಒಂದು ಗಾಜಿನ ಮುಂದೆ ನಿಂತರು. ಒಳಗೆ ಸಣ್ಣ ಕಪ್ಪು ಮಣಿಗಳ ಸರ.

"ಕರಿಮಣಿ ಇಲ್ಲೂ ಹಾಕ್ತಾರಾ?"

ಹೇಳಿದೆ. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಸಾಯುವ ತನಕ ಕಪ್ಪು ಬಿಟ್ಟು ಬೇರೆ ಉಡಲಿಲ್ಲ. ಸೂತಕದ ಆಭರಣ ಅಂತ ಜೆಟ್ ತೊಟ್ಟಳು. ಅವಳನ್ನು ನೋಡಿ ದೇಶವೆಲ್ಲ ತೊಟ್ಟಿತು. ಈ ಊರಿನಲ್ಲಿ ಜೆಟ್ ಕೆತ್ತುವವರಿಗೆ ಕೈತುಂಬ ಕೆಲಸ.

"ಗಂಡ ಹೋದ್ಮೇಲೆ ಹಾಕ್ಕೊಳ್ಳೋದಾ?" ಅಂತ ಇನ್ನೊಮ್ಮೆ ಕೇಳಿದರು. ಹೌದು ಅಂದೆ. ಮಾವ ಹೋಗಿ ಮೂರು ವರ್ಷ. ಅತ್ತೆಯ ಕೈ ಒಂದು ಸಲ ಬರಿ ಕುತ್ತಿಗೆಗೆ ಹೋಗಿ ಬಂತು. ಮುಂದಿನ ಅಂಗಡಿಯಲ್ಲಿ ಸೋಪು ಮಾರುತ್ತಿದ್ದರು, ಅಲ್ಲಿಗೆ ನಡೆದರು.

ಬೀದಿಯ ಕೊನೆಯಲ್ಲಿ 199 ಮೆಟ್ಟಿಲು. ಹತ್ತಿದರೆ ಸೇಂಟ್ ಮೇರಿ ಚರ್ಚು, ಅದರಾಚೆ ಅಬ್ಬಿ, ಅಂದರೆ ಪಾಳುಬಿದ್ದ ಹಳೆಯ ಕ್ರೈಸ್ತ ಮಠ. ಅರವತ್ತೊಂಬತ್ತು ವರ್ಷದ ಅತ್ತೆ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿ ಬೆಳೆದವರು. "ಇದೇನು ಮಹಾ" ಅಂತ ಸೀರೆ ಎತ್ತಿ ಸಿಕ್ಕಿಸಿಕೊಂಡು ಹೊರಟೇ ಬಿಟ್ಟರು. ನಡುನಡುವೆ ಅಗಲವಾದ ಕಟ್ಟೆಗಳಿವೆ. ಅತ್ತೆ ಒಂದರ ಮೇಲೆ ಕೂತು ಸುಧಾರಿಸಿಕೊಳ್ಳುವಾಗ, ಅದು ಹಿಂದಿನ ಕಾಲದಲ್ಲಿ ಹೆಣ ಹೊರುವವರು ಪೆಟ್ಟಿಗೆ ಇಳಿಸಿ ಉಸಿರು ತಗೊಳ್ಳಲು ಮಾಡಿದ್ದು ಅನ್ನುವುದನ್ನು ನಾನು ಹೇಳಲಿಲ್ಲ. ಮೇಲೆ ಹೋದಾಗ ಅವರ ಲೆಕ್ಕ ಸರಿಯಾಗಿ 199, ನನ್ನದು 197.

ಅಬ್ಬಿಗೆ ಸೂರಿಲ್ಲ. ದಿಬ್ಬದ ತುದಿಯಲ್ಲಿ ಗೋಡೆಗಳು, ಕಿಟಕಿಗಳ ಕಲ್ಲಿನ ಚೌಕಟ್ಟು, ಅದರೊಳಗೆ ಆಕಾಶ. ಈಗ ಕಾಣುವುದು ಬಹುಪಾಲು 13ನೇ ಶತಮಾನದ್ದು. 1539ರಲ್ಲಿ ಎಂಟನೇ ಹೆನ್ರಿಯ ಆಜ್ಞೆಯಿಂದ ಮುಚ್ಚಿತು. 1914ರ ಡಿಸೆಂಬರಿನಲ್ಲಿ ಜರ್ಮನ್ ಯುದ್ಧನೌಕೆಗಳು ಊರಿನ ಮೇಲೆ ಗುಂಡು ಹಾರಿಸಿದಾಗ ಪಶ್ಚಿಮದ ಗೋಡೆಗೂ ಪೆಟ್ಟು ಬಿತ್ತು. ಆದರೆ ಮೊದಲ ಮಠ ಇಲ್ಲಿ ಎದ್ದದ್ದು 657ರಲ್ಲಿ. ಅದನ್ನು ನಡೆಸಿದವಳು ಹಿಲ್ಡಾ. ಸನ್ಯಾಸಿಗಳು, ಸನ್ಯಾಸಿನಿಯರು ಇಬ್ಬರೂ ಇದ್ದ ಮಠ, ಎಲ್ಲರಿಗೂ ಅವಳೇ ಯಜಮಾನಿ.

"ಗಂಡಸರಿಗೂ?"

"ಗಂಡಸರಿಗೂ."

ಅತ್ತೆ ಹುಬ್ಬೇರಿಸಿದರು. 664ರಲ್ಲಿ ಇಲ್ಲೇ ಒಂದು ದೊಡ್ಡ ಸಭೆ ನಡೆಯಿತು. ಈಸ್ಟರ್ ಹಬ್ಬ ಯಾವತ್ತು ಅನ್ನುವುದು ಜಗಳ. ಐರ್ಲೆಂಡ್ ಕಡೆಯ ಸನ್ಯಾಸಿಗಳ ಲೆಕ್ಕ ಒಂದು, ರೋಮಿನ ಲೆಕ್ಕ ಇನ್ನೊಂದು. ರಾಜ ಓಸ್ವಿಯು ಒಂದು ಪದ್ಧತಿ, ರಾಣಿ ಇನ್ನೊಂದು. ಹೀಗಾಗಿ ಒಂದೇ ಅರಮನೆಯಲ್ಲಿ ರಾಜ ಹಬ್ಬದೂಟ ಮಾಡುವಾಗ ರಾಣಿ ಇನ್ನೂ ಉಪವಾಸ. ಇದನ್ನು ಹೇಳಿದ್ದೇ ತಡ ಅತ್ತೆಗೆ ಅಬ್ಬಿ ಸ್ವಂತ ಊರಾಯಿತು. ಏಕಾದಶಿ ಇವತ್ತೋ ನಾಳೆಯೋ ಅಂತ ಮಠಮಠಕ್ಕೂ ಪಂಚಾಂಗ ಬೇರೆಯಾಗುವ ಮನೆತನದಲ್ಲಿ ಹುಟ್ಟಿ ಬೆಳೆದವರಲ್ಲವೇ. ಅವರ ತವರಿನದು ಒಂದು ಮಠ, ಮಾವನ ಮನೆಯದು ಇನ್ನೊಂದು. "ಮದುವೆಯಾದ ಹೊಸದರಲ್ಲಿ ನಂಗೂ ಹೀಗೇ ಆಗಿತ್ತು. ನಮ್ಮಪ್ಪನ ಲೆಕ್ಕದಲ್ಲಿ ಉಪವಾಸ, ಇವರ ಲೆಕ್ಕದಲ್ಲಿ ಪಾರಣೆ." ಕೊನೆಗೆ ಯಾರು ಗೆದ್ದರು ಅಂತ ಕೇಳಿದರು. ರಾಜ ರೋಮಿನ ಕಡೆ ತೀರ್ಪು ಕೊಟ್ಟ. ಹಿಲ್ಡಾ ಐರಿಷ್ ಕಡೆಯವಳಾಗಿದ್ದರೂ ಒಪ್ಪಿಕೊಂಡಳು. "ಮಠ ನಡೆಸೋಳು ಅಲ್ವಾ, ಒಪ್ಪಲೇಬೇಕು" ಅಂದರು ಅತ್ತೆ.

ಮೂರನೇ ದಿನ ಬಸ್ಸಿನಲ್ಲಿ ರಾಬಿನ್ ಹುಡ್ಸ್ ಬೇಗೆ ಹೋದೆವು. ಹೆಸರಿಗೆ ರಾಬಿನ್ ಹುಡ್, ಕಸುಬು ಒಂದು ಕಾಲದಲ್ಲಿ ಕಳ್ಳಸಾಗಣೆ. ಬಸ್ಸು ಮೇಲೇ ಬಿಡುತ್ತದೆ. ಅಲ್ಲಿಂದ ರಸ್ತೆ ಕಡಿದಾಗಿ ಇಳಿದು, ಒಂದರ ಬೆನ್ನಿಗೆ ಒಂದು ಒರಗಿದ ಪುಟ್ಟ ಮನೆಗಳ ನಡುವೆ ತೂರಿ, ನೇರ ಕಡಲೊಳಗೇ ಹೋಗಿ ಮುಗಿಯುತ್ತದೆ. ನೀರು ಇಳಿದಿದ್ದಾಗ ಕಲ್ಲಿನ ಹಾಸು ಬಿಲ್ಲಿನ ಹಾಗೆ ಬಾಗಿ ಸಾಲುಸಾಲಾಗಿ ಹೊರಬರುತ್ತದೆ.

ಅಲ್ಲಿ ಒಬ್ಬರು ಅಜ್ಜ ಬಗ್ಗಿ ಏನೋ ಹುಡುಕುತ್ತಿದ್ದರು. ಎಂಬತ್ತರ ಆಸುಪಾಸು, ಕೈಯಲ್ಲಿ ಬಕೆಟ್ಟು, ಸೊಂಟಕ್ಕೆ ಸುತ್ತಿಗೆ. ಸೀರೆ ಮೇಲೆ ಸ್ವೆಟರು, ಕಾಲಿಗೆ ಮಗನ ರಬ್ಬರ್ ಬೂಟು ಹಾಕಿಕೊಂಡಿದ್ದ ಅತ್ತೆಯನ್ನು ನೋಡಿ ಟೋಪಿ ಎತ್ತಿದರು. ಏನು ಹುಡುಕುತ್ತಿದ್ದೀರಿ ಅಂತ ಕೇಳಿದೆ.

"ಹಾವು" ಅಂದರು.

ಬಕೆಟ್ಟಿನಿಂದ ಒಂದು ಕಲ್ಲು ತೆಗೆದು ತೋರಿಸಿದರು. ಸುರುಳಿ ಸುತ್ತಿದ ಅಮೋನೈಟ್, ಕಪ್ಪೆಚಿಪ್ಪಿನ ದೂರದ ನೆಂಟ, ಯಾವಾಗಲೋ ನಿರ್ವಂಶವಾದ ಕಡಲಪ್ರಾಣಿ. ಊರಿನ ಕಥೆ ಬೇರೆ. ಹಿಲ್ಡಾ ಮಠ ಕಟ್ಟಲು ಬಂದಾಗ ದಿಬ್ಬದ ತುಂಬ ಹಾವುಗಳಿದ್ದವಂತೆ. ಪ್ರಾರ್ಥನೆ ಮಾಡಿ ಎಲ್ಲವನ್ನೂ ಕಲ್ಲು ಮಾಡಿ ಕಡಲಿಗೆ ಉರುಳಿಸಿದಳಂತೆ. ಹಾಗಾದರೆ ತಲೆ ಯಾಕಿಲ್ಲ? ಅದು ಇನ್ನೊಬ್ಬ ಸಂತನ ಶಾಪ. ಕೊಳ್ಳುವವರಿಗೆ ತಲೆಯಿಲ್ಲದ ಹಾವು ಇಷ್ಟವಾಗದು ಅಂತ ಊರಿನವರೇ ಕಲ್ಲಿಗೆ ಕಣ್ಣು ಬಾಯಿ ಕೆತ್ತಿ ಮಾರುತ್ತಿದ್ದರು. ವಿಟ್ಬಿಯ ಲಾಂಛನದಲ್ಲೂ ಅಂಥ ಮೂರು ಹಾವುಗಳಿವೆ. ವಿಜ್ಞಾನಿಗಳು ಬಂದ ಮೇಲೂ ಹಿಲ್ಡಾ ಬಿಡಲಿಲ್ಲ. ಒಂದು ಜಾತಿಯ ಅಮೋನೈಟಿಗೆ ಅವಳದ್ದೇ ಹೆಸರು, ಹಿಲ್ಡೋಸೆರಸ್.

ನಾನು ಒಂದೊಂದೇ ವಾಕ್ಯ ಕನ್ನಡಕ್ಕೆ ತರುತ್ತಿದ್ದೆ. ಅತ್ತೆ ನನ್ನ ಮಾತು ಕೇಳುತ್ತಿರಲಿಲ್ಲ. ಕಲ್ಲನ್ನೇ ನೋಡುತ್ತಿದ್ದರು.

"ಇದು ಸಾಲಿಗ್ರಾಮ ಅಲ್ವೇನೇ?"

ಸಾಲಿಗ್ರಾಮವೂ ಅಮೋನೈಟೇ ಅನ್ನುವುದು ನನಗೆ ಗೊತ್ತಿತ್ತು. ನೇಪಾಳದ ಮುಕ್ತಿನಾಥದ ಕಡೆ, ಗಂಡಕಿ ನದಿಯ ಪಾತ್ರದಲ್ಲಿ ಸಿಗುವ ಕಲ್ಲು. ಹಿಮಾಲಯ ಏಳುವ ಮುಂಚೆ ಅಲ್ಲಿ ಕಡಲಿತ್ತು. ಗೊತ್ತಿದ್ದರೂ ಮನೆಯಲ್ಲಿ ಈ ಮಾತು ಎಂದೂ ಎತ್ತಿರಲಿಲ್ಲ. ದೇವರ ಪೆಟ್ಟಿಗೆಯಲ್ಲಿರುವುದು ಸತ್ತ ಪ್ರಾಣಿಯ ಚಿಪ್ಪು ಅಂತ ಯಾವ ಸೊಸೆ ಹೇಳುತ್ತಾಳೆ?

ಈಗ ಹೇಳಬೇಕಾಯಿತು. ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲ. "ವಜ್ರಕೀಟ ಅನ್ನೋ ಹುಳ ಕೊರೆದು ಚಕ್ರ ಮಾಡುತ್ತೆ ಅಂತ ನಮ್ಮಲ್ಲೂ ಹೇಳ್ತಾರಲ್ಲ. ಹುಳ ಅಂದ್ರೂ ಒಂದೇ, ಪ್ರಾಣಿ ಅಂದ್ರೂ ಒಂದೇ. ಅವರಿಗೆ ಹೇಳು, ನಮ್ಮ ಕಥೆಯಲ್ಲೂ ಶಾಪ ಇದೆ ಅಂತ." ತುಳಸಿ ಶಾಪ ಕೊಟ್ಟು ವಿಷ್ಣು ಕಲ್ಲಾದ ಕಥೆಯನ್ನು ಹೇಳಿದೆ. ಅಜ್ಜ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತರು.

"ನೀವೂ ಅದಕ್ಕೆ ತಲೆ ಕೆತ್ತುತ್ತೀರಾ?"

"ಹರಿ ಹರಿ! ಉಳಿ ಮುಟ್ಟಿಸೋ ಹಾಗೇ ಇಲ್ಲ ಅಂತ ಹೇಳು. ಪ್ರತಿಷ್ಠೆ ಕೂಡ ಬೇಡ. ಇದ್ದ ಹಾಗೇ ದೇವರು."

ಈ ಕಲ್ಲುಗಳಿಗೆ ಹದಿನೆಂಟು ಕೋಟಿ ವರ್ಷ ಅಂದರು ಅಜ್ಜ, ಅತ್ತೆ ಬೆಚ್ಚಿ ಬೀಳಲಿ ಅಂತಲೇ ಸ್ವಲ್ಪ ನಿಧಾನವಾಗಿ. ಅತ್ತೆ ಬೀಳಲಿಲ್ಲ. "ಒಂದು ಮನ್ವಂತರಕ್ಕೇ ಮೂವತ್ತು ಕೋಟಿ ಮೇಲೆ. ದಿನಾ ಸಂಕಲ್ಪದಲ್ಲಿ ಹೇಳ್ತೀವಿ. ಹದಿನೆಂಟು ಏನು ಜಾಸ್ತಿ?" ಅಜ್ಜ ಜೋರಾಗಿ ನಕ್ಕರು. ಅವರ ಅಜ್ಜಿ ಈ ಭೂಮಿಗೆ ಆರು ಸಾವಿರ ವರ್ಷ ಅಂತ ಸಾಯುವ ತನಕ ನಂಬಿದ್ದರಂತೆ. ಮೊಮ್ಮಗ ಕಲ್ಲು ತಂದರೆ ಮನೆಯೊಳಗೆ ಬಿಡುತ್ತಿರಲಿಲ್ಲವಂತೆ.

ಆಮೇಲೆ ಅಜ್ಜ ಆ ಕಲ್ಲನ್ನು ಅತ್ತೆಯ ಕಡೆ ಚಾಚಿದರು. ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡರು.

ನಮ್ಮ ಕಡೆ ಸಂಪ್ರದಾಯಸ್ಥರ ಮನೆಗಳಲ್ಲಿ ಹೆಂಗಸರು ಸಾಲಿಗ್ರಾಮ ಮುಟ್ಟುವುದಿಲ್ಲ. ಅತ್ತೆ ಮದುವೆಯಾಗಿ ಬಂದಾಗಿನಿಂದ ಮಾವ ಹೋಗುವ ತನಕ ದಿನವೂ ಪೂಜೆಯ ಪಾತ್ರೆ ತೊಳೆದಿದ್ದಾರೆ, ಗಂಧ ತೇದಿದ್ದಾರೆ, ತುಳಸಿ ಬಿಡಿಸಿದ್ದಾರೆ, ನೈವೇದ್ಯ ಮಾಡಿದ್ದಾರೆ, ತೀರ್ಥ ತಗೊಂಡಿದ್ದಾರೆ. ಕಲ್ಲನ್ನು ಮುಟ್ಟಿಲ್ಲ. ಮಾವ ಹೋದ ಮೇಲೆ ದಿನಪೂಜೆ ಮಾಡಲು ಮಗ ಲೀಡ್ಸಿನಲ್ಲಿ. ಪೂಜೆಯಿಲ್ಲದೆ ಇಟ್ಟುಕೊಳ್ಳಬಾರದು ಅಂತ ಪೆಟ್ಟಿಗೆಯನ್ನೇ ಮಠಕ್ಕೆ ಒಪ್ಪಿಸಿದರು. ಒಪ್ಪಿಸಿದ ದಿನವೂ ಪೆಟ್ಟಿಗೆ ಹಿಡಿದದ್ದು ನನ್ನ ಗಂಡ.

ಇಷ್ಟನ್ನೂ ಅಜ್ಜನಿಗೆ ಹೇಗೆ ಹೇಳುವುದು? ಹೆಂಗಸರು ಮುಟ್ಟಬಾರದು ಅಂತ ಪದ್ಧತಿ ಇದೆ ಅಂದೆ ಅಷ್ಟೆ.

"ಯಾಕೆ?" ಅಂದರು.

"ಯಾಕೆ ಅಂತ ಕೇಳ್ತಿದ್ದಾರೆ ಅತ್ತೆ."

ಅತ್ತೆ ಕಡಲ ಕಡೆ ನೋಡಿದರು. "ನಾನೂ ಕೇಳಿಲ್ಲ ಅಂತ ಹೇಳು."

ಹೇಳಿದೆ. ಅಜ್ಜ ಮತ್ತೇನೂ ಕೇಳಲಿಲ್ಲ. ಎದ್ದು, ದಡದಲ್ಲಿ ಬಿದ್ದಿದ್ದ ಬೂದು ಬಣ್ಣದ ಕಲ್ಲುಗಳನ್ನು ಒಂದೊಂದಾಗಿ ತಿರುಗಿಸಿ, ಮುಷ್ಟಿಗಾತ್ರದ ಉಂಡೆ ಒಂದನ್ನು ಆರಿಸಿಕೊಂಡು ಬಂದರು. ಕಡಲಬಂಡೆಗೆ ಸುತ್ತಿಗೆ ಹಾಕಬಾರದು, ಅದು ತಾನಾಗಿಯೇ ಕುಸಿಯುತ್ತಿರುತ್ತದೆ, ಬುಡದಲ್ಲಿ ನಿಲ್ಲಲೂ ಬಾರದು, ಬಿಡಿಯಾಗಿ ಬಿದ್ದದ್ದನ್ನು ಮಾತ್ರ ಎತ್ತಿಕೊಳ್ಳಬೇಕು ಅಂತ ನನಗೆ ಪಾಠ ಮಾಡಿದರು. ಮುಖ ತಿರುಗಿಸಿಕೊಳ್ಳಿ ಅಂದರು. ಎರಡು ಸಣ್ಣ ಏಟು, ಒಂದು ದೊಡ್ಡದು. ಉಂಡೆ ಎರಡು ಹೋಳಾಯಿತು. ಒಂದರಲ್ಲಿ ಚಕ್ರ ಇಡಿಯಾಗಿ ಕೂತಿತ್ತು. ಇನ್ನೊಂದರಲ್ಲಿ ಅದರ ಅಚ್ಚು.

"ಇದನ್ನು ಇದುವರೆಗೆ ಯಾರೂ ಮುಟ್ಟಿಲ್ಲ ಅಂತ ಹೇಳಿ. ಗಂಡಸರೂ ಮುಟ್ಟಿಲ್ಲ. ಮೊದಲು ಅವರೇ ಮುಟ್ಟಲಿ."

ಹೇಳುವಾಗ ನನ್ನ ಗಂಟಲು ಕಟ್ಟಿತು. ಅತ್ತೆ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಪಕ್ಕದ ಬಂಡೆಯ ಗುಂಡಿಯಲ್ಲಿ ನಿಂತಿದ್ದ ಕಡಲ ನೀರಿಗೆ ಕೈ ಅದ್ದಿ ತೊಳೆದರು. ಸೆರಗಿಗೆ ಒರೆಸಿಕೊಳ್ಳಲು ಹೋದವರು ಒರೆಸಿಕೊಳ್ಳಲಿಲ್ಲ. ಒದ್ದೆ ಕೈಯಲ್ಲೇ ಚಕ್ರವಿದ್ದ ಹೋಳನ್ನು ತಗೊಂಡರು. ಎಡಗೈ ಕೆಳಗೆ, ಬಲಗೈ ಮೇಲೆ, ತೀರ್ಥ ತಗೊಳ್ಳುವ ಹಾಗೆ. ಕಿರುಬೆರಳನ್ನು ಸುರುಳಿಯ ಗೀರುಗಳ ಮೇಲೆ ಹೊರಗಿನಿಂದ ಒಳಕ್ಕೆ ಎಳೆದರು. ಮತ್ತೆ ಹೊರಗಿನಿಂದ ಒಳಕ್ಕೆ.

"ಇಷ್ಟು ತಣ್ಣಗಿರುತ್ತೇನೇ" ಅಂದರು. "ಇಷ್ಟು ಭಾರ. ನಾನು ಹಗುರ ಅಂದ್ಕೊಂಡಿದ್ದೆ. ಅವರು ಎತ್ತೋದು ನೋಡಿದ್ರೆ ಹಗುರ ಅನ್ನಿಸ್ತಿತ್ತು."

ಎಷ್ಟು ಹೊತ್ತು ಹಾಗೆ ನಿಂತರೋ. ಅಜ್ಜನೇ ನಮ್ಮ ಕಾಲ ಕಡೆ ತೋರಿಸಿದರು. ನೀರು ಏರುತ್ತಿತ್ತು, ನನ್ನ ಶೂ ಆಗಲೇ ಒದ್ದೆ. ಈ ಕೊಲ್ಲಿಯಲ್ಲಿ ನೀರು ಏರಿದರೆ ದಡ ಅನ್ನುವುದೇ ಉಳಿಯುವುದಿಲ್ಲ, ಬಂಡೆ ಮತ್ತು ಕಡಲಿನ ನಡುವೆ ಸಿಕ್ಕಿಕೊಳ್ಳುತ್ತೀರಿ. ಹೋಗುವ ಮುಂಚೆ ಆ ದಿನದ ಉಬ್ಬರ ಇಳಿತದ ಸಮಯ ನೋಡಿಕೊಂಡು ಹೋಗಿ. ನಾನು ನೋಡಿರಲಿಲ್ಲ. ಅಜ್ಜ ಮುಂದೆ, ಅತ್ತೆ ಹಿಂದೆ, ನಾನು ಕೊನೆಗೆ, ಪಾಚಿಗಲ್ಲುಗಳ ಮೇಲೆ ಜಾರುತ್ತ ಊರಿನ ಇಳಿಜಾರಿಗೆ ಬಂದೆವು. ಅತ್ತೆ ಎರಡೂ ಹೋಳುಗಳನ್ನು ಎದೆಗೆ ಒತ್ತಿಕೊಂಡಿದ್ದರು, ಕೈ ಹಿಡಿಯಲು ಹೋದರೆ ಕೊಡಲಿಲ್ಲ.

ಮೇಲೆ ಬಂದ ಮೇಲೆ ಚಕ್ರವಿದ್ದ ಹೋಳನ್ನು ಅಜ್ಜನಿಗೆ ವಾಪಸ್ ಕೊಟ್ಟರು. ಅಜ್ಜ ಬೇಡ ಬೇಡ ಅಂದರು, ಎರಡೂ ನಿಮ್ಮದೇ ಅಂದರು. ಅತ್ತೆ ತಲೆ ಅಲ್ಲಾಡಿಸಿ ಅವರ ಬಕೆಟ್ಟಿನೊಳಗೆ ಮೆಲ್ಲಗೆ ಇಟ್ಟು ಕೈ ಮುಗಿದರು. ಕಲ್ಲಿಗೋ ಅಜ್ಜನಿಗೋ ಗೊತ್ತಾಗಲಿಲ್ಲ. ಅಜ್ಜನಿಗೂ ಗೊತ್ತಾಗಲಿಲ್ಲ ಅಂತ ಕಾಣುತ್ತದೆ, ಅವರೂ ಕೈ ಮುಗಿದರು.

ನಾಲ್ಕನೇ ದಿನ ಬೆಳಿಗ್ಗೆ ಮಳೆ. ಸ್ಯಾಂಡ್ಸೆಂಡಿಗೆ ದಡದ ಮೇಲೇ ನಡೆದು ಹೋಗುವ ಆಸೆ ಇತ್ತು, ಆಗಲಿಲ್ಲ. ಲೀಡ್ಸಿನ ಬಸ್ಸು ಹತ್ತಿದೆವು. ಕಿಟಕಿಗೆ ಮಂಜು, ನೇರಳೆ ಗುಡ್ಡಗಳು ಕಾಣಲೇ ಇಲ್ಲ. ಪಿಕರಿಂಗ್ ಹತ್ತಿರ ಬಂದಾಗ ತಡೆಯಲಾರದೆ ಕೇಳಿದೆ. ಚಕ್ರ ಇರುವುದನ್ನು ಬಿಟ್ಟು ಅಚ್ಚು ಯಾಕೆ ಇಟ್ಟುಕೊಂಡಿರಿ?

"ಚಕ್ರ ಇರೋದನ್ನ ಮನೇಲಿ ಇಟ್ಕೊಂಡ್ರೆ ದಿನಾ ಪೂಜೆ ಆಗ್ಬೇಕು, ಮಡಿ ಆಗ್ಬೇಕು, ಗಂಡಸೇ ಬೇಕು" ಅಂದರು ಅತ್ತೆ. "ಅಚ್ಚಿಗೆ ಇದ್ಯಾವುದೂ ಬೇಡ. ಬೇಕಾದಾಗ ಮುಟ್ಟಬಹುದು."

ಅವಲಕ್ಕಿ ಡಬ್ಬಿ ಖಾಲಿಯಾಗಿತ್ತು. ಕಲ್ಲನ್ನು ಅದರೊಳಗೆ ಇಟ್ಟು, ಅಲ್ಲಾಡದ ಹಾಗೆ ನನ್ನ ಕರವಸ್ತ್ರ ತುರುಕಿ, ಮುಚ್ಚಳ ಬಿಗಿ ಮಾಡಿದರು.